ಎರಡನೆಯ ಪಂಕ್ತಿ

ಮದುವೆಯ ಮನೆಯಲ್ಲಿ ಮೊದಲ ಪಂಕ್ತಿಯಲ್ಲಿ ಎಲೆ ಸಿಗದವರು ಎರಡನೆಯ ಪಂಕ್ತಿಗಾಗಿ ಕಾಯುತ್ತಾರೆ. ಕಾಯುವವರಿಗೆ ಹಸಿವು ಹೆಚ್ಚು; ಆದರೆ ತಡವಾದರೂ ಊಟ ಸಿಕ್ಕೇ ಸಿಗುವುದೆಂಬ ಭರವಸೆ ಅವರಿಗಿರುತ್ತದೆ. ಕ್ರೀಡಾಲೋಕದಲ್ಲಿಯೂ ಇಂಥ ಒಂದು ಎರಡನೆಯ ಪಂಕ್ತಿ ಉಂಟು. ಅಲ್ಲಿ ಕಾಯುವವರಿಗೆ ಅಂಥ ಭರವಸೆಯೇನೂ ಇಲ್ಲ. ತಮಗೂ ಒಂದು ಎಲೆ ಹಾಕುವಂತೆ ಅವರು ತಮ್ಮ ಆಟದಿಂದಲೇ ಮಾಡಿಕೊಳ್ಳಬೇಕು. ಪತ್ರಿಕೆಗಳ ಕ್ರೀಡಾಪುಟದಲ್ಲಿ ನಾವು ಗೆದ್ದವರ ಚಿತ್ರವನ್ನು ಮಾತ್ರ ನೋಡುತ್ತೇವೆ. ಆ ಚಿತ್ರದ ಹಿಂದೆ, ಹೆಸರೇ ಕಾಣದ ನೂರಾರು ಮಂದಿಯ ದುಡಿಮೆಯಿದೆ. ಅವರು ದುಡಿಯುವ ಅಂಗಳವೂ ಒಂದಿದೆ. ಗಾಲ್ಫ್ ಆಟದಲ್ಲಿ ಆ ಅಂಗಳವು ಹೇಗಿದೆ, ಅಲ್ಲಿಂದ ಮೇಲೇರುವ ಬಗೆ ಯಾವುದು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಮೊದಲು ಆಟದ ಪರಿಚಯ. ಗಾಲ್ಫ್ ಅಂಗಳವೆಂದರೆ ಹದಿನೆಂಟು ಕುಳಿಗಳಿರುವ ವಿಶಾಲವಾದ ಹುಲ್ಲಿನ ಬಯಲು. ನಡುನಡುವೆ ಮರ, ಕೊಳ, ಮರಳಿನ ಗುಂಡಿಗಳಿರುತ್ತವೆ. ಆಟಗಾರನು ಕೋಲಿನಿಂದ ಪುಟ್ಟ ಚೆಂಡನ್ನು ಹೊಡೆಯುತ್ತ ಒಂದೊಂದು ಕುಳಿಯಲ್ಲಿಯೂ ಅದನ್ನು ಬೀಳಿಸಬೇಕು. ಒಬ್ಬ ಆಟಗಾರನು ಹೆಚ್ಚೆಂದರೆ ಹದಿನಾಲ್ಕು ಕೋಲುಗಳನ್ನು ಇಟ್ಟುಕೊಳ್ಳಬಹುದು. ಹದಿನೆಂಟು ಕುಳಿಗಳನ್ನು ಯಾರು ಅತ್ಯಂತ ಕಡಿಮೆ ಹೊಡೆತಗಳಲ್ಲಿ ಮುಗಿಸುತ್ತಾರೋ ಅವರೇ ಮುಂದು. ಒಂದೊಂದು ಅಂಗಳಕ್ಕೂ ಇಷ್ಟು ಹೊಡೆತಗಳಲ್ಲಿ ಮುಗಿಸಬೇಕೆಂಬ ಒಂದು ಅಳತೆಯಿದೆ. ಅದನ್ನು 'ಪಾರ್' ಎನ್ನುತ್ತಾರೆ. ಸಾಮಾನ್ಯವಾಗಿ ಅದು 70 ರಿಂದ 72. ಭಾರತಕ್ಕೆ ಈ ಆಟ ಹೊಸದಲ್ಲ. ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ 1829ರಲ್ಲಿಯೂ ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿಯೂ ಸ್ಥಾಪನೆಗೊಂಡವು.

ಈ ಆಟವನ್ನು ಸಂತೋಷಕ್ಕಾಗಿ ಆಡುವವರು ಹವ್ಯಾಸಿಗಳು. ಜೀವನೋಪಾಯಕ್ಕಾಗಿ ಆಡುವವರು ವೃತ್ತಿಪರರು. ವೃತ್ತಿಪರರು ವರ್ಷದ ಬಹುಭಾಗ ಊರಿಂದೂರಿಗೆ ಸಂಚರಿಸುತ್ತ, ವಾರಕ್ಕೊಂದರಂತೆ ಪಂದ್ಯಾವಳಿಗಳನ್ನು ಆಡುತ್ತಾರೆ. ಇಂಥ ಪಂದ್ಯಾವಳಿಗಳ ಸರಣಿಗೆ 'ಟೂರ್' ಎಂದು ಹೆಸರು. ಅಮೆರಿಕದ ಪಿ.ಜಿ.ಎ. ಟೂರ್ ಇವುಗಳಲ್ಲಿ ಹೆಸರಾದುದು. ಆದರೆ ಬಯಸಿದವರೆಲ್ಲರೂ ಅಲ್ಲಿ ಆಡಲಾಗದು. ಅಲ್ಲಿ ಆಡುವ ಹಕ್ಕನ್ನು ಆಟಗಾರರು 'ಕಾರ್ಡು' ಎಂದು ಕರೆಯುತ್ತಾರೆ. ಆ ಕಾರ್ಡನ್ನು ಸಂಪಾದಿಸುವುದೇ ಎರಡನೆಯ ಪಂಕ್ತಿಯವರ ಗುರಿ.

ಹಿಂದೆ ಈ ಕಾರ್ಡನ್ನು ಪಡೆಯಲು ಇದ್ದ ಮುಖ್ಯ ದಾರಿ ಒಂದೇ. ಅದು ವರ್ಷಕ್ಕೊಮ್ಮೆ ನಡೆಯುವ ಅರ್ಹತಾ ಪರೀಕ್ಷೆ. ಹಲವು ಹಂತಗಳ ಆ ಪರೀಕ್ಷೆಯಲ್ಲಿ ಎಡವಿದವನು ಮತ್ತೊಂದು ವರ್ಷ ಕಾಯಬೇಕಾಗಿತ್ತು. ಕಾಯುವ ಆ ಒಂದು ವರ್ಷದಲ್ಲಿ ಅವನು ಎಲ್ಲಿ ಆಡಬೇಕು? ಯಾವುದರಿಂದ ಹೊಟ್ಟೆ ಹೊರೆಯಬೇಕು? ಅಲ್ಲಲ್ಲಿ ನಡೆಯುವ ಸಣ್ಣಪುಟ್ಟ ಪಂದ್ಯಗಳೇ ಅವನಿಗೆ ಗತಿಯಾಗಿದ್ದವು. ಈ ಕೊರತೆಯನ್ನು ನೀಗಲೆಂದು ಪಿ.ಜಿ.ಎ. ಟೂರ್ 1990ರಲ್ಲಿ ಎರಡನೆಯ ಸರಣಿಯೊಂದನ್ನು ಆರಂಭಿಸಿತು. ಹಿರಿಯ ಆಟಗಾರ ಬೆನ್ ಹೋಗನ್ ಅವರ ಹೆಸರು ಅದಕ್ಕಿತ್ತು. ಮುಂದೆ ಹಣ ನೀಡುವ ಸಂಸ್ಥೆ ಬದಲಾದಂತೆ ಹೆಸರೂ ಬದಲಾಯಿತು. ನೈಕಿ, ಬೈ ಡಾಟ್ ಕಾಮ್, ನೇಷನ್‌ವೈಡ್, ವೆಬ್ ಡಾಟ್ ಕಾಮ್ ಎಂಬ ಹೆಸರುಗಳನ್ನು ದಾಟಿ 2019ರಿಂದ ಅದು ಕಾರ್ನ್ ಫೆರಿ ಟೂರ್ ಎನಿಸಿಕೊಂಡಿತು. ಹೆಸರು ಎಷ್ಟು ಬಾರಿ ಬದಲಾದರೂ ಉದ್ದೇಶ ಬದಲಾಗಲಿಲ್ಲ. ಒಂದು ದಿನದ ಅದೃಷ್ಟವನ್ನು ನಂಬದೆ ಒಂದು ವರ್ಷದ ಆಟವನ್ನು ತೂಗಿ ನೋಡುವುದೇ ಆ ಉದ್ದೇಶ.

ಈ ಎರಡನೆಯ ಸರಣಿಗೆ ಬರುವುದೂ ಸುಲಭವಲ್ಲ. ಅರ್ಹತಾ ಪರೀಕ್ಷೆಯು ಈಗಲೂ ನಡೆಯುತ್ತದೆ. ಅದರ ಕೊನೆಯ ಹಂತದಲ್ಲಿ ಮೊದಲ ಐದು ಸ್ಥಾನ ಪಡೆದವರಿಗೆ 2023ರಿಂದ ನೇರವಾಗಿ ಪಿ.ಜಿ.ಎ. ಟೂರಿನ ಕಾರ್ಡು ದೊರೆಯುತ್ತಿದೆ. ಅವರ ಹಿಂದಿನವರಿಗೆ ದೊರೆಯುವುದು ಎರಡನೆಯ ಸರಣಿಯ ಪ್ರವೇಶ. ಅಮೆರಿಕದ ವಿಶ್ವವಿದ್ಯಾಲಯಗಳ ಪರವಾಗಿ ಉತ್ತಮವಾಗಿ ಆಡಿದ ಕೆಲವು ವಿದ್ಯಾರ್ಥಿಗಳಿಗೂ ಇಲ್ಲಿ ಅವಕಾಶವಿದೆ. ಇದಕ್ಕಿಂತ ಕೆಳಗೆ ಮೂರನೆಯ ಮೆಟ್ಟಿಲೂ ಒಂದುಂಟು. ಕೆನಡಾ ಮತ್ತು ಲ್ಯಾಟಿನ್ ಅಮೆರಿಕದ ಎರಡು ಸರಣಿಗಳನ್ನು ಕೂಡಿಸಿ 2024ರಲ್ಲಿ ಆರಂಭಿಸಿದ ಪಿ.ಜಿ.ಎ. ಟೂರ್ ಅಮೆರಿಕಾಸ್ ಎಂಬುದು ಅದು. ಅಲ್ಲಿ ಮುಂದೆ ಬಂದ ಹತ್ತು ಮಂದಿ ಎರಡನೆಯ ಸರಣಿಗೆ ಏರುತ್ತಾರೆ. ಯಾವ ದಾರಿಯಿಂದಲೂ ಒಳಗೆ ಬರಲಾಗದವರಿಗೆ ಸೋಮವಾರದ ದಾರಿಯಿದೆ. ಪಂದ್ಯಾವಳಿ ಆರಂಭವಾಗುವ ವಾರದ ಸೋಮವಾರ, ಉಳಿದಿರುವ ಕೆಲವೇ ಸ್ಥಾನಗಳಿಗಾಗಿ ಒಂದು ದಿನದ ಸ್ಪರ್ಧೆ ನಡೆಯುತ್ತದೆ. ಬೆರಳೆಣಿಕೆಯ ಸ್ಥಾನಗಳಿಗೆ ಹಲವಾರು ಮಂದಿ ಹೆಣಗುತ್ತಾರೆ. ಗೆದ್ದವರು ಆ ವಾರ ಅಲ್ಲಿಯೇ ಉಳಿಯುತ್ತಾರೆ. ಸೋತವರು ಅಂದೇ ಗಂಟುಮೂಟೆ ಕಟ್ಟಿ ಮುಂದಿನ ಊರಿನ ದಾರಿ ಹಿಡಿಯುತ್ತಾರೆ.

ಒಂದು ಪಂದ್ಯಾವಳಿಯ ವಾರವು ಹೇಗೆ ಸಾಗುತ್ತದೆಂಬುದನ್ನು ನೋಡೋಣ. ಗುರುವಾರದಿಂದ ಭಾನುವಾರದವರೆಗೆ ನಾಲ್ಕು ದಿನ, ದಿನಕ್ಕೆ ಹದಿನೆಂಟು ಕುಳಿಗಳಂತೆ ಒಟ್ಟು ಎಪ್ಪತ್ತೆರಡು ಕುಳಿಗಳ ಆಟ. ಸುಮಾರು ನೂರೈವತ್ತು ಮಂದಿ ಆಟಗಾರರು ಕಣಕ್ಕಿಳಿಯುತ್ತಾರೆ. ಎರಡು ದಿನಗಳ ಆಟ ಮುಗಿದ ಶುಕ್ರವಾರದ ಸಂಜೆ ಗೆರೆಯೊಂದನ್ನು ಎಳೆಯಲಾಗುತ್ತದೆ. ಇದಕ್ಕೆ 'ಕಟ್' ಎಂದು ಹೆಸರು. ಮೊದಲ 65 ಸ್ಥಾನಗಳಲ್ಲಿರುವವರೂ ಕೊನೆಯ ಸ್ಥಾನದಲ್ಲಿ ಸಮಸಮವಾಗಿರುವವರೂ ಮಾತ್ರ ಶನಿವಾರ ಆಡಬಹುದು. ಗೆರೆಯ ಕೆಳಗೆ ಉಳಿದವರಿಗೆ ಬಹುಮಾನದ ಹಣವೂ ಇಲ್ಲ, ಅಂಕಗಳೂ ಇಲ್ಲ. ಬಂದ ಖರ್ಚು ಬಂದವನ ತಲೆಯ ಮೇಲೆ.

ಇಲ್ಲಿ ಹಣದ ವಿಚಾರವನ್ನು ತುಸು ವಿವರವಾಗಿ ಹೇಳಬೇಕು. ಗಾಲ್ಫ್ ಎಂದರೆ ಶ್ರೀಮಂತರ ಆಟವೆಂಬ ಭಾವನೆ ನಮ್ಮಲ್ಲಿದೆ. ಆಡಿ ಬದುಕುವವರ ಪಾಲಿಗೆ ಅದು ಯಾವಾಗಲೂ ನಿಜವಲ್ಲ. ಸರಣಿಯಲ್ಲಿ ಆಡುವವನಿಗೆ ತಿಂಗಳ ಸಂಬಳವೆಂಬುದಿಲ್ಲ. ಪ್ರಯಾಣ, ವಸತಿ, ಊಟ ಎಲ್ಲವನ್ನೂ ಅವನೇ ಭರಿಸಬೇಕು. ಕೋಲುಗಳ ಚೀಲವನ್ನು ಹೊತ್ತು ಜೊತೆಗೆ ನಡೆಯುವ, ಗಾಳಿ ಬೀಸುವ ದಿಕ್ಕನ್ನೂ ನೆಲದ ಇಳಿಜಾರನ್ನೂ ನೋಡಿ ಸಲಹೆ ನೀಡುವ ಸಹಾಯಕನಿಗೆ ಕ್ಯಾಡಿ ಎಂದು ಹೆಸರು. ಅವನಿಗೂ ಆಟಗಾರನೇ ಕೂಲಿ ಕೊಡಬೇಕು. 1990ರಲ್ಲಿ ಈ ಸರಣಿಯ ಒಂದು ಪಂದ್ಯಾವಳಿಯ ಒಟ್ಟು ಬಹುಮಾನ ಒಂದು ಲಕ್ಷ ಡಾಲರ್ ಇತ್ತು. 2023ರಿಂದ ಅದು ಕನಿಷ್ಠ ಹತ್ತು ಲಕ್ಷ ಡಾಲರ್ ಆಗಿದೆ. ಅದರಲ್ಲಿ ಶೇಕಡಾ 18, ಎಂದರೆ 1,80,000 ಡಾಲರ್, ಗೆದ್ದವನೊಬ್ಬನಿಗೇ ಸಲ್ಲುತ್ತದೆ. ಸ್ಥಾನ ಇಳಿದಂತೆ ಪಾಲು ಬೇಗಬೇಗನೆ ಕರಗುತ್ತದೆ. ಗೆರೆಯನ್ನು ದಾಟಿ ಕೊನೆಯ ಸ್ಥಾನಗಳಲ್ಲಿ ನಿಂತವನಿಗೆ ಬರುವ ಹಣದಲ್ಲಿ ಆ ವಾರದ ವೆಚ್ಚ ಕಳೆದರೆ ಉಳಿಯುವುದು ಅತ್ಯಲ್ಪ. ಸತತವಾಗಿ ನಾಲ್ಕಾರು ವಾರ ಗೆರೆ ದಾಟದವನು ಸಾಲಕ್ಕೆ ಕೈಯೊಡ್ಡಬೇಕಾಗುತ್ತದೆ.

ಹಣಕ್ಕಿಂತಲೂ ಮುಖ್ಯವಾದುದು ಅಂಕ. ಸಾಮಾನ್ಯ ಪಂದ್ಯಾವಳಿಯಲ್ಲಿ ಗೆದ್ದವನಿಗೆ 500 ಅಂಕಗಳು, ಎರಡನೆಯವನಿಗೆ 300. ಹೀಗೆ ಸ್ಥಾನಕ್ಕೆ ತಕ್ಕಂತೆ ಅಂಕಗಳು ಸೇರುತ್ತ ಹೋಗುತ್ತವೆ. ಋತುವು ಜನವರಿಯಲ್ಲಿ ಬಹಾಮಾ ದ್ವೀಪಗಳಲ್ಲಿ ಆರಂಭವಾಗಿ, ಪನಾಮಾ, ಕೊಲಂಬಿಯಾ ಮೊದಲಾದ ದೇಶಗಳನ್ನು ಸುತ್ತಿ, ಅಮೆರಿಕದ ನಗರಗಳಲ್ಲಿ ಮುಂದುವರಿದು ಅಕ್ಟೋಬರಿನಲ್ಲಿ ಮುಗಿಯುತ್ತದೆ. ಆಗ ಒಟ್ಟು ಅಂಕಗಳ ಪಟ್ಟಿಯಲ್ಲಿ ಮೇಲಿರುವವರಿಗೆ ಪಿ.ಜಿ.ಎ. ಟೂರಿನ ಕಾರ್ಡು ದೊರೆಯುತ್ತದೆ. 1990ರಲ್ಲಿ ಹಾಗೆ ಮೇಲೇರಿದವರು ಐವರು ಮಾತ್ರ. ಬರಬರುತ್ತ ಈ ಸಂಖ್ಯೆ ಬೆಳೆಯಿತು. 2023 ಮತ್ತು 2024ರಲ್ಲಿ 30 ಮಂದಿಗೆ ಈ ಭಾಗ್ಯ ದೊರೆಯಿತು. 2025ರಲ್ಲಿ ಅದನ್ನು 20ಕ್ಕೆ ಇಳಿಸಲಾಯಿತು. ಇದಲ್ಲದೆ, ಒಂದೇ ಋತುವಿನಲ್ಲಿ ಮೂರು ಪಂದ್ಯಾವಳಿಗಳನ್ನು ಗೆದ್ದವನು ಋತು ಮುಗಿಯುವವರೆಗೆ ಕಾಯಬೇಕಾಗಿಲ್ಲ. ಆ ಕೂಡಲೇ ಮೇಲಿನ ಸರಣಿಗೆ ಹೋಗಬಹುದು. ಈ ನಿಯಮದ ಪ್ರಯೋಜನವನ್ನು ಮೊದಲು ಪಡೆದವರು ಕ್ರಿಸ್ ಸ್ಮಿತ್; ಅದು 1997ರಲ್ಲಿ.

ಪಟ್ಟಿಯ ಇಪ್ಪತ್ತನೆಯವನಿಗೂ ಇಪ್ಪತ್ತೊಂದನೆಯವನಿಗೂ ಇರುವ ಅಂತರವನ್ನು ಒಮ್ಮೆ ಯೋಚಿಸಿ ನೋಡಿ. ಒಂದು ಪಂದ್ಯಾವಳಿಯಲ್ಲಿ ಸುಮಾರು 280 ಹೊಡೆತಗಳಂತೆ, ಇಪ್ಪತ್ತು ಪಂದ್ಯಾವಳಿಗಳನ್ನು ಪೂರ್ತಿಯಾಗಿ ಆಡಿದವನು ವರ್ಷದಲ್ಲಿ 5,600 ಹೊಡೆತಗಳನ್ನು ಹೊಡೆದಿರುತ್ತಾನೆ. ಅವುಗಳಲ್ಲಿ ಎಲ್ಲಿಯೋ ಒಂದು ಚೆಂಡು ಕುಳಿಯ ಅಂಚನ್ನು ಮುಟ್ಟಿ ಹೊರಗೆ ನಿಂತರೆ, ಆ ಒಂದು ಹೊಡೆತಕ್ಕೆ ಒಂದು ವರ್ಷದ ಭವಿಷ್ಯ ತಿರುಗಬಹುದು. ಹಾಗೆಂದು ಇಪ್ಪತ್ತೊಂದನೆಯವನ ಆಟ ಕೀಳೆನ್ನಲಾದೀತೆ? 2024ರ ಫೆಬ್ರವರಿಯಲ್ಲಿ ಕೊಲಂಬಿಯಾದ ಬೊಗೋಟಾ ನಗರದಲ್ಲಿ ಚಿಲಿ ದೇಶದ ಕ್ರಿಸ್ಟೋಬಾಲ್ ಡೆಲ್ ಸೊಲಾರ್ ಎಂಬ ಆಟಗಾರರು 70 ಹೊಡೆತಗಳ ಪಾರ್ ಇದ್ದ ಅಂಗಳವನ್ನು ಕೇವಲ 57 ಹೊಡೆತಗಳಲ್ಲಿ ಮುಗಿಸಿದರು. ಪಿ.ಜಿ.ಎ. ಟೂರಿನ ಆಡಳಿತಕ್ಕೊಳಪಟ್ಟ ಯಾವ ಸರಣಿಯಲ್ಲಿಯೂ ಅಲ್ಲಿಯವರೆಗೆ ಅಷ್ಟು ಕಡಿಮೆ ಹೊಡೆತಗಳ ಆಟ ದಾಖಲಾಗಿರಲಿಲ್ಲ. ಬೊಗೋಟಾ ನಗರವು ಎತ್ತರದ ಪ್ರದೇಶದಲ್ಲಿದ್ದು ಅಲ್ಲಿನ ತೆಳುವಾದ ಗಾಳಿಯಲ್ಲಿ ಚೆಂಡು ಹೆಚ್ಚು ದೂರ ಹಾರುವುದು ನಿಜ. ಆದರೂ ಅಂಥ ಆಟವು ನಡೆದುದು ಎರಡನೆಯ ಪಂಕ್ತಿಯಲ್ಲಿ ಎಂಬುದನ್ನು ಮರೆಯಬಾರದು.

ಈ ಏಣಿಯಲ್ಲಿ ಹತ್ತುವುದರಂತೆಯೇ ಇಳಿಯುವುದೂ ಉಂಟು. ಮೇಲಿನ ಸರಣಿಯಲ್ಲಿ ವರ್ಷದ ಕೊನೆಗೆ ಪಟ್ಟಿಯ ಮೊದಲ 125 ಸ್ಥಾನಗಳಲ್ಲಿದ್ದವರು ಹಿಂದೆ ತಮ್ಮ ಕಾರ್ಡನ್ನು ಉಳಿಸಿಕೊಳ್ಳುತ್ತಿದ್ದರು. 2025ರ ಋತುವಿನಲ್ಲಿ ಈ ಸಂಖ್ಯೆಯನ್ನು 100ಕ್ಕೆ ಇಳಿಸಲಾಯಿತು. ಗೆರೆಯ ಕೆಳಗೆ ಜಾರಿದವರಲ್ಲಿ ಅನೇಕರು ಮತ್ತೆ ಎರಡನೆಯ ಪಂಕ್ತಿಗೆ ಬರುತ್ತಾರೆ. ಹೀಗಾಗಿ ಅಲ್ಲಿ ಇಪ್ಪತ್ತರ ಹರೆಯದ ಹುಡುಗನೂ, ಒಮ್ಮೆ ಮೇಲಿದ್ದು ಕೆಳಗೆ ಬಂದ ನಲವತ್ತರ ಅನುಭವಿಯೂ ಅಕ್ಕಪಕ್ಕದಲ್ಲಿ ನಿಂತು ಆಡುತ್ತಾರೆ. ಒಬ್ಬನಿಗೆ ಅದು ಹೆಬ್ಬಾಗಿಲು. ಇನ್ನೊಬ್ಬನಿಗೆ ಮರಳಿ ಬರುವ ಹಿತ್ತಿಲ ಬಾಗಿಲು.

ಮರಳಿ ಬಂದವರಲ್ಲಿ ಟಾಮ್ ಲೇಮನ್ ಅವರ ಜೀವನ ಗಮನಾರ್ಹವಾದುದು. ಅಮೆರಿಕದ ಮಿನೆಸೋಟಾ ರಾಜ್ಯದವರಾದ ಅವರು 1980ರ ದಶಕದ ಆರಂಭದಲ್ಲಿಯೇ ಪಿ.ಜಿ.ಎ. ಟೂರಿಗೆ ಬಂದರು. ಆದರೆ ಮೂರು ವರ್ಷಗಳಲ್ಲಿ ಕಾರ್ಡನ್ನು ಕಳೆದುಕೊಂಡರು. ಆಮೇಲೆ ಸಣ್ಣ ಪಂದ್ಯಗಳನ್ನು ಹುಡುಕಿಕೊಂಡು ಏಷ್ಯ, ದಕ್ಷಿಣ ಆಫ್ರಿಕ ಮೊದಲಾದೆಡೆ ಅಲೆದರು. ಬೆನ್ ಹೋಗನ್ ಸರಣಿ ಆರಂಭವಾದಾಗ ಅವರ ವಯಸ್ಸು ಮೂವತ್ತನ್ನು ದಾಟಿತ್ತು. 1991ರಲ್ಲಿ ಅಲ್ಲಿ ಮೂರು ಪಂದ್ಯಾವಳಿಗಳನ್ನು ಗೆದ್ದು ಮತ್ತೆ ಮೇಲೇರಿದರು. 1996ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಓಪನ್ ಚಾಂಪಿಯನ್‌ಷಿಪ್ ಅವರದಾಯಿತು. 1997ರಲ್ಲಿ ಒಂದು ವಾರದ ಮಟ್ಟಿಗೆ ಜಗತ್ತಿನ ಮೊದಲನೆಯ ಆಟಗಾರರೆಂಬ ಸ್ಥಾನವೂ ದೊರೆಯಿತು. ಎರಡನೆಯ ಸರಣಿ ಎಂಬುದು ಇಲ್ಲದಿದ್ದರೆ ಈ ಪ್ರತಿಭೆ ಯಾವ ಮೂಲೆಯಲ್ಲಿ ಬಾಡಿಹೋಗುತ್ತಿತ್ತೋ ಬಲ್ಲವರಾರು?

ಜೇಸನ್ ಗೋರ್ ಅವರ 2005ನೆಯ ವರ್ಷದ ಕಥೆ ಇನ್ನೊಂದು ಬಗೆಯದು. ಆ ವರ್ಷದ ಜೂನ್ ತಿಂಗಳಲ್ಲಿ ಪೈನ್‌ಹರ್ಸ್ಟ್ ಅಂಗಳದಲ್ಲಿ ಅಮೆರಿಕದ ರಾಷ್ಟ್ರೀಯ ಪಂದ್ಯಾವಳಿ ಯು.ಎಸ್. ಓಪನ್ ನಡೆಯಿತು. ಎರಡನೆಯ ಸರಣಿಯ ಆಟಗಾರರಾಗಿದ್ದ ಗೋರ್ ಅವರ ಹೆಸರನ್ನು ಕೇಳಿದವರೇ ಕಡಿಮೆ. ಅಂಥವರು ಮೂರು ದಿನಗಳ ಆಟದ ಬಳಿಕ ಎರಡನೆಯ ಸ್ಥಾನದಲ್ಲಿ ಸಮವಾಗಿ ನಿಂತು, ಕೊನೆಯ ದಿನ ಕೊನೆಯ ಜೋಡಿಯಲ್ಲಿ ಆಡಲಿಳಿದರು. ದೇಶವೇ ಅವರನ್ನು ನೋಡುತ್ತಿತ್ತು. ಆದರೆ ಅಂದು ಕೈ ಹಿಡಿತಕ್ಕೆ ಬರಲಿಲ್ಲ. ಅವರು ತೆಗೆದುಕೊಂಡ ಹೊಡೆತಗಳು 84. ಹಿರಿಯ ಸ್ಥಾನವೆಲ್ಲ ಕೈತಪ್ಪಿಹೋಯಿತು. ಅಷ್ಟು ಜನರ ಮುಂದೆ ಅಷ್ಟು ಕೆಳಗೆ ಬಿದ್ದವರು ಎದೆಗುಂದಿ ಮೂಲೆ ಸೇರುವುದು ಸಹಜ. ಗೋರ್ ತಮ್ಮ ಸರಣಿಗೆ ಹಿಂದಿರುಗಿದರು. ಬೇಸಿಗೆಯಲ್ಲಿ ತಾವಾಡಿದ ಮೂರು ಪಂದ್ಯಾವಳಿಗಳನ್ನು ಒಂದರ ಮೇಲೊಂದರಂತೆ ಗೆದ್ದರು. ಅವುಗಳಲ್ಲೊಂದರ ಒಂದು ದಿನದ ಆಟವನ್ನು 59 ಹೊಡೆತಗಳಲ್ಲಿ ಮುಗಿಸಿದರು. ಮೂರು ಗೆಲುವುಗಳ ನಿಯಮದಂತೆ ಮೇಲಿನ ಸರಣಿಗೆ ಹೋಗಿ, ಸೆಪ್ಟೆಂಬರಿನಲ್ಲಿ ಅಲ್ಲಿಯೂ ಒಂದು ಪಂದ್ಯಾವಳಿಯನ್ನು ಗೆದ್ದರು. 84ಕ್ಕೂ 59ಕ್ಕೂ ನಡುವೆ ಇದ್ದ ಕಾಲ ಎರಡು ತಿಂಗಳಿಗಿಂತ ಹೆಚ್ಚಲ್ಲ. ಆಟಗಾರ ಅವರೇ, ಕೋಲೂ ಅದೇ. ಒಂದು ದಿನದ ಸೋಲನ್ನು ತಮ್ಮ ಯೋಗ್ಯತೆಯ ಅಳತೆಯೆಂದು ಅವರು ಭಾವಿಸಲಿಲ್ಲ.

ಇಂಥ ಎರಡನೆಯ ಸರಣಿಗಳು ಬೇರೆ ಖಂಡಗಳಲ್ಲಿಯೂ ಇವೆ. ಯುರೋಪಿನಲ್ಲಿ ಚಾಲೆಂಜ್ ಟೂರ್ ಎಂಬುದು ಬಹುಕಾಲ ಈ ಕೆಲಸ ಮಾಡಿತು. 2025ರಲ್ಲಿ ಅದರ ಹೆಸರು ಹೋಟೆಲ್‌ಪ್ಲ್ಯಾನರ್ ಟೂರ್ ಎಂದಾಯಿತು. ಏಷ್ಯದಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಟೂರ್ 2010ರಲ್ಲಿ ಆರಂಭವಾಯಿತು. ಭಾರತೀಯ ಮೂಲದ ಕುಟುಂಬದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದ ಆರನ್ ರಾಯ್ ಅವರು 2017ರಲ್ಲಿ ಚಾಲೆಂಜ್ ಟೂರಿನ ಮೂರು ಪಂದ್ಯಾವಳಿಗಳನ್ನು ಗೆದ್ದು ಯುರೋಪಿನ ಹಿರಿಯ ಸರಣಿಗೆ ಏರಿದರು. ಅವುಗಳಲ್ಲಿ ಮೊದಲನೆಯ ಗೆಲುವು ತಮ್ಮ ತಾಯಿ ಬೆಳೆದ ಕೆನ್ಯಾ ದೇಶದಲ್ಲಿ ದೊರೆತುದು ಅವರಿಗೆ ವಿಶೇಷ ಸಂತೋಷ ತಂದಿತು. ಬಾಲ್ಯದಲ್ಲಿ ತಂದೆ ಕಷ್ಟಪಟ್ಟು ಕೊಡಿಸಿದ ಒಳ್ಳೆಯ ಕೋಲುಗಳನ್ನು ಪ್ರತಿ ಆಟದ ಬಳಿಕ ತಂದೆಯೇ ಸೂಜಿಯಿಂದಲೂ ಎಣ್ಣೆಯಿಂದಲೂ ಶುಚಿಮಾಡಿ, ಗೀರು ಬೀಳದಂತೆ ಗವಸು ತೊಡಿಸಿಡುತ್ತಿದ್ದರಂತೆ. ಹೆಸರಾಂತ ಆಟಗಾರರಾದ ಮೇಲೂ ರಾಯ್ ತಮ್ಮ ಕೋಲುಗಳಿಗೆ ಗವಸು ಹಾಕುವುದನ್ನು ಬಿಡಲಿಲ್ಲ. ಇರುವುದರ ಬೆಲೆಯನ್ನು ಮರೆಯಬಾರದೆಂಬುದೇ ಇದಕ್ಕೆ ಅವರು ಕೊಟ್ಟ ಕಾರಣ.

ನಮ್ಮ ದೇಶದವರೂ ಈ ಪಂಕ್ತಿಯಲ್ಲಿ ಕುಳಿತಿದ್ದಾರೆ. ಬಂಗಾಳದ ಆಸನ್‌ಸೋಲಿನಲ್ಲಿ ಹುಟ್ಟಿದ ಅರ್ಜುನ್ ಅಟ್ವಾಲ್ ಅವರು 2008ರಲ್ಲಿ ಅಮೆರಿಕದ ಎರಡನೆಯ ಸರಣಿಯ ಒಂದು ಪಂದ್ಯಾವಳಿಯನ್ನು ಗೆದ್ದರು. 2010ರಲ್ಲಿ ಗಾಯದಿಂದ ಬಳಲಿ ಕಾರ್ಡನ್ನು ಕಳೆದುಕೊಂಡಿದ್ದ ಅವರು ವಿಂಡಮ್ ಚಾಂಪಿಯನ್‌ಷಿಪ್ ಎಂಬ ಪಂದ್ಯಾವಳಿಗೆ ಸೋಮವಾರದ ಸ್ಪರ್ಧೆಯ ಮೂಲಕ ಪ್ರವೇಶಿಸಿ, ಭಾನುವಾರ ಅದನ್ನೇ ಗೆದ್ದರು. ಪಿ.ಜಿ.ಎ. ಟೂರಿನಲ್ಲಿ ಗೆದ್ದ ಮೊದಲನೆಯ ಭಾರತೀಯರು ಅವರು. ಬೆಂಗಳೂರಿನಲ್ಲಿ ನೆಲೆಸಿ ತರಬೇತಿ ಪಡೆದ ಅನಿರ್ಬನ್ ಲಾಹಿರಿ ಅವರು 2015ರಲ್ಲಿ ಮಲೇಷ್ಯದಲ್ಲಿಯೂ ಭಾರತದಲ್ಲಿಯೂ ಹಿರಿಯ ಪಂದ್ಯಾವಳಿಗಳನ್ನು ಗೆದ್ದು, ಅದೇ ವರ್ಷ ಅಮೆರಿಕದ ಪಿ.ಜಿ.ಎ. ಚಾಂಪಿಯನ್‌ಷಿಪ್‌ನಲ್ಲಿ ಐದನೆಯ ಸ್ಥಾನವನ್ನು ಹಂಚಿಕೊಂಡರು. ಇಷ್ಟು ಸಾಧಿಸಿದವರೂ ಅಮೆರಿಕದ ಸರಣಿಯ ಕಾರ್ಡಿಗಾಗಿ ಆ ವರ್ಷ ಎರಡನೆಯ ಸರಣಿಯ ಕೊನೆಯ ಪಂದ್ಯಗಳಲ್ಲಿ ಆಡಿಯೇ ಅದನ್ನು ಪಡೆದರು. ದೊಡ್ಡವನೆಂಬ ಬಿಂಕಕ್ಕೆ ಅಲ್ಲಿ ಎಡೆಯಿಲ್ಲ. ಬೆಂಗಳೂರಿನಲ್ಲಿಯೇ ಹುಟ್ಟಿದ ಅದಿತಿ ಅಶೋಕ್ ಅವರೂ 2015ರ ಡಿಸೆಂಬರಿನಲ್ಲಿ ಮಹಿಳೆಯರ ಯುರೋಪಿಯನ್ ಸರಣಿಯ ಅರ್ಹತಾ ಪರೀಕ್ಷೆಯಲ್ಲಿ ಮೊದಲಿಗರಾಗಿ ವೃತ್ತಿಗೆ ಬಂದವರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ ಕ್ರೀಡಾಕೂಟದಲ್ಲಿ ಅವರು ನಾಲ್ಕನೆಯ ಸ್ಥಾನ ಪಡೆದುದು ನಮಗೆಲ್ಲ ಹೆಮ್ಮೆಯ ವಿಷಯ.

ಗಾಲ್ಫ್ ಆಟದ ಇನ್ನೊಂದು ಗುಣವನ್ನು ಇಲ್ಲಿ ನೆನೆಯಬೇಕು. ವಿಶಾಲವಾದ ಆ ಬಯಲಿನಲ್ಲಿ ಪ್ರತಿಯೊಬ್ಬನ ಬೆನ್ನಿಗೂ ತೀರ್ಪುಗಾರನಿರುವುದಿಲ್ಲ. ತನ್ನ ಕಾಲು ತಗಲಿ ಚೆಂಡು ಅಲುಗಿದರೆ ಆಟಗಾರನೇ ಅದನ್ನು ತಿಳಿಸಿ ದಂಡವನ್ನು ಒಪ್ಪಿಕೊಳ್ಳಬೇಕು. ಲೆಕ್ಕದ ಹಾಳೆಗೆ ತಾನೇ ಸಹಿ ಹಾಕಬೇಕು. ಒಂದು ಹೊಡೆತದಲ್ಲಿ ವರ್ಷದ ಬಾಳುವೆ ನಿಂತಿರುವಾಗಲೂ, ಯಾರೂ ನೋಡದ ಪೊದೆಯ ಮರೆಯಲ್ಲಿಯೂ ಸತ್ಯವನ್ನೇ ಬರೆಯುವುದು ಸಣ್ಣ ಪರೀಕ್ಷೆಯಲ್ಲ.

ಪ್ರತಿವರ್ಷವೂ ಇಪ್ಪತ್ತು ಮಂದಿ ಮೇಲೇರುತ್ತಾರೆ. ಉಳಿದವರಲ್ಲಿ ಕೆಲವರು ಮತ್ತೆ ಜನವರಿಗಾಗಿ ಕಾಯುತ್ತಾರೆ. ಕೆಲವರು ಕೋಲುಗಳನ್ನು ಕೆಳಗಿಟ್ಟು ಶಿಕ್ಷಕರಾಗುತ್ತಾರೆ, ಬೇರೆ ಉದ್ಯೋಗ ಹಿಡಿಯುತ್ತಾರೆ. ಅವರ ದುಡಿಮೆ ವ್ಯರ್ಥವಾಯಿತೆ? ಹಾಗೆನ್ನುವುದು ಸರಿಯಲ್ಲ. 2019ರಲ್ಲಿ ಎರಡನೆಯ ಸರಣಿಯ ವರ್ಷದ ಆಟಗಾರರೆನಿಸಿದ ಸ್ಕಾಟಿ ಷೆಫ್ಲರ್ 2022ರಲ್ಲಿ ಜಗತ್ತಿನ ಮೊದಲನೆಯ ಸ್ಥಾನಕ್ಕೇರಿದರು. ಅವರನ್ನು ಅಷ್ಟು ಗಟ್ಟಿಗರನ್ನಾಗಿ ಮಾಡಿದವರಲ್ಲಿ, ಅವರೊಡನೆ ವಾರವಾರವೂ ಸೆಣಸಿ ಒಂದೆರಡು ಹೊಡೆತಗಳಿಂದ ಸೋತವರೂ ಸೇರಿದ್ದಾರೆ. ಗೆದ್ದವನ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಸೋತರೂ ತನ್ನ ಲೆಕ್ಕದ ಹಾಳೆಗೆ ನಿಜವನ್ನೇ ಬರೆದು ಮುಂದಿನ ಊರಿಗೆ ಹೊರಟವನ ಹೆಸರು ಬರುವುದಿಲ್ಲ. ಅವನನ್ನೂ ಗೌರವದಿಂದ ನೆನೆಯಲು ಕಲಿತರೆ ನಾವು ಆಟವನ್ನು ನೋಡುವ ಬಗೆ ಬದಲಾಗುತ್ತದೆ. ನಮ್ಮ ಸ್ವಂತ ಸೋಲುಗಳನ್ನು ನೋಡುವ ಬಗೆಯೂ ಬದಲಾಗುತ್ತದೆ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಗಾಲ್ಫ್ ಆಟದಲ್ಲಿ 'ಪಾರ್' ಎಂದರೇನು?
2. ಅಮೆರಿಕದ ಎರಡನೆಯ ಸರಣಿಯು ಯಾವ ವರ್ಷ, ಯಾರ ಹೆಸರಿನಲ್ಲಿ ಆರಂಭವಾಯಿತು?
3. ಆರನ್ ರಾಯ್ ತಮ್ಮ ಕೋಲುಗಳಿಗೆ ಗವಸು ಹಾಕುವುದಕ್ಕೆ ಕೊಟ್ಟ ಕಾರಣವೇನು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಶುಕ್ರವಾರದ ಸಂಜೆ ಎಳೆಯುವ ಗೆರೆಯು ಆಟಗಾರರ ಮೇಲೆ ಬೀರುವ ಪರಿಣಾಮವೇನು?
2. ಅರ್ಜುನ್ ಅಟ್ವಾಲ್ 2010ರಲ್ಲಿ ಯಾವ ದಾರಿಯಿಂದ ಪ್ರವೇಶಿಸಿ ಗೆದ್ದರು?

ಇ) ವಿವರಿಸಿರಿ.
1. "ಒಂದು ದಿನದ ಸೋಲನ್ನು ತಮ್ಮ ಯೋಗ್ಯತೆಯ ಅಳತೆಯೆಂದು ಅವರು ಭಾವಿಸಲಿಲ್ಲ." ಈ ಮಾತನ್ನು ಜೇಸನ್ ಗೋರ್ ಅವರ 2005ನೆಯ ವರ್ಷದ ಆಟದಿಂದ ಸಮರ್ಥಿಸಿರಿ.